ನಲವತ್ತಾರು ಸೆಂಟು ಮಳೆ

ಗುರುಮಲ್ಲಪ್ಪನಿಗೆ ಯಾವಾಗಲೂ ಸುಸ್ತು. ಎಂದಿನಿಂದ ಎಂದು ಕೇಳಿದರೆ ಅವನಿಗೇ ನೆನಪಿಲ್ಲ. ಮಲಗಿ ಎದ್ದರೂ ಸುಸ್ತು, ಉಂಡು ಕೈ ತೊಳೆದರೂ ಸುಸ್ತು. ಹಾಗಂತ ಅವನೇನು ಕಲ್ಲು ಒಡೆಯುತ್ತಿದ್ದನೇ, ಮೂಟೆ ಹೊರುತ್ತಿದ್ದನೇ? ಇಲ್ಲ. ಆಕಾಶ ನೋಡುತ್ತಿದ್ದ. ದಿನಾ ಬೆಳಿಗ್ಗೆ ಆಕಾಶ ನೋಡಿ, ನೆಲ ನೋಡಿ, ಕಂಡದ್ದನ್ನು ಪುಸ್ತಕದಲ್ಲಿ ಬರೆದು, ಅದನ್ನೇ ತಂತಿ ಕೊಟ್ಟು ಬೆಂಗಳೂರಿಗೆ ತಿಳಿಸುವುದು ಅವನ ಉದ್ಯೋಗ. ಇದನ್ನು ಕೇಳಿದವರೆಲ್ಲ, ಇದಕ್ಕೂ ಸಂಬಳ ಕೊಡ್ತಾರಾ ಎಂದು ನಗುತ್ತಿದ್ದರು. ನಗುವವರು ಒಂದು ವಾರ ಮಾಡಿ ನೋಡಲಿ, ಆಮೇಲೆ ಮಾತಾಡೋಣ.

ಹುಣಸೂರಿನಿಂದ ಪಿರಿಯಾಪಟ್ಟಣದ ರಸ್ತೆ ಹಿಡಿದು ಐದು ಮೈಲಿ ಬಂದು ಎಡಕ್ಕೆ ತಿರುಗಿದರೆ ದೊಡ್ಡಕಾವಲು ಎಂಬ ಹುಲ್ಲುಬಯಲು. ಯುದ್ಧದ ಕಾಲದಲ್ಲಿ ಯಾರೋ ಬಂದು ಆ ಬಯಲನ್ನು ಸಮ ಮಾಡಿ, ಸಾವಿರದ ಇನ್ನೂರು ಗಜ ಉದ್ದಕ್ಕೆ ವಿಮಾನ ಇಳಿಯುವ ಪಟ್ಟಿ ಮಾಡಿದರು. ಎರಡೂ ಅಂಚಿಗೆ ಸುಣ್ಣ ಬಳಿದ ಕಲ್ಲು ನೆಟ್ಟರು. ಯುದ್ಧ ಮುಗಿಯಿತು, ಬಂದವರು ಹೋದರು, ಪಟ್ಟಿ ಉಳಿಯಿತು. ಆ ದಾರಿಯಲ್ಲಿ ಹಾರುವ ಸಣ್ಣ ವಿಮಾನಗಳಿಗೆ ಬೇಕಾದಾಗ ಇರಲಿ ಎಂದು ಇಲಾಖೆ ಅದನ್ನು ಇಟ್ಟುಕೊಂಡಿತ್ತು. ವರ್ಷಕ್ಕೆ ನಾಲ್ಕು ವಿಮಾನ ಬಂದರೆ ಅದೇ ಹೆಚ್ಚು. ಆದರೆ ವಿಮಾನ ಬರಲಿ, ಬಿಡಲಿ, ವರದಿ ಹೋಗಲೇಬೇಕು.

ಆ ವರದಿಗೆ ಗುರುಮಲ್ಲಪ್ಪ. ಬಯಲಿನ ಮೂಲೆಯಲ್ಲಿ ಎರಡು ಕೋಣೆಯ ಹಂಚಿನ ಮನೆ, ಮನೆಯ ಮುಂದೆ ಬೇಲಿ, ಬೀಗ ಹಾಕಿದ ಸಣ್ಣ ಅಂಗಳ, ಅಂಗಳದಲ್ಲಿ ಮಳೆ ಅಳೆಯುವ ಡಬ್ಬ, ಆಚೆಗೆ ಕಂಬದ ಮೇಲೆ ಗಾಳಿಚೀಲ. ಬೆಳಗಿನ ಜಾವಕ್ಕೇ ಎದ್ದು ಕೈಯಲ್ಲಿ ಗುದ್ದಲಿ ಹಿಡಿದು ರನ್‌ವೇ ಉದ್ದಕ್ಕೂ ನಡೆಯಬೇಕು. ಹುತ್ತ ಎದ್ದಿದ್ದರೆ ಒಡೆಯಬೇಕು, ಇಲಿ ತೋಡಿದ ಬಿಲ ಮುಚ್ಚಬೇಕು, ದನ ನುಗ್ಗಿದ್ದರೆ ಅಟ್ಟಬೇಕು. ನೆಲ ಮೆತ್ತಗಿದೆಯೋ ಗಟ್ಟಿಯಿದೆಯೋ ಹಿಮ್ಮಡಿಯಿಂದ ಒತ್ತಿ ನೋಡಬೇಕು. ಅಷ್ಟು ಹೊತ್ತಿಗೆ ಎಂಟು ಗಂಟೆ. ವಾಪಸು ಬಂದು ಗಾಳಿಚೀಲ ಯಾವ ಕಡೆ ತಿರುಗಿದೆ ನೋಡಿ, ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮೋಡ ಎಂದು ಲೆಕ್ಕ ಹಾಕಿ, ಬೆಟ್ಟದಪುರದ ಬೆಟ್ಟ ಕಾಣುತ್ತದೋ ಇಲ್ಲವೋ ನೋಡಿ, ಸರಿಯಾಗಿ ಎಂಟೂವರೆಗೆ ಡಬ್ಬದ ನೀರನ್ನು ಅಳತೆಗಾಜಿಗೆ ಬಗ್ಗಿಸಿ ಓದಬೇಕು. ಒಂದು ಇಂಚಿಗೆ ನೂರು ಸೆಂಟು. ಅಷ್ಟನ್ನೂ ಬರೆದುಕೊಂಡು, ಐದು ಮೈಲಿ ಸೈಕಲ್ ತುಳಿದು ಹುಣಸೂರಿನ ತಂತಿ ಕಚೇರಿ. ಮತ್ತೆ ಐದು ಮೈಲಿ ವಾಪಸು. ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಆಕಾಶಕ್ಕೆ ರಜೆ ಉಂಟೇ?

ಹೀಗೆ ಒಂಬತ್ತು ವರ್ಷ. ಒಂಬತ್ತು ವರ್ಷದಲ್ಲಿ ಅವನು ಒಂದೇ ಒಂದು ಅಂಕಿಯನ್ನೂ ಮನೆಯಲ್ಲಿ ಕೂತು ಬರೆದವನಲ್ಲ. ಕೆಲಸಕ್ಕೆ ಸೇರಿದ ದಿನ ಕಲಿಸಿಕೊಟ್ಟವರು, "ಗಾಜಿನಲ್ಲಿ ಇದ್ದದ್ದು ಬರಿ, ತಲೇಲಿ ಇದ್ದದ್ದು ಬರೀಬೇಡ" ಎಂದಿದ್ದರು. ಪುಣ್ಯಾತ್ಮ ಅದನ್ನು ಮಂತ್ರದ ಹಾಗೆ ಹಿಡಿದುಕೊಂಡುಬಿಟ್ಟ. ಚಳಿಜ್ವರ ಬಂದ ದಿನ ಕಂಬಳಿ ಹೊದ್ದುಕೊಂಡು ಹೋಗಿ ಅಳೆದಿದ್ದ. ಇಷ್ಟಾದರೂ ಅವನ ಕೆಲಸ ಇನ್ನೂ ಹಂಗಾಮಿ. ಪಾಲಿಗೆ ಬಂದಿದ್ದ ಹೊಲವನ್ನು ತಮ್ಮನಿಗೇ ಬಿಟ್ಟುಕೊಟ್ಟು ಬಂದವನು, ಈಗ ನಲವತ್ತೈದರ ಹತ್ತಿರ. ಕಾಯಂ ಆಗಿಬಿಟ್ಟರೆ ಸಾಕು ಎಂಬುದೊಂದೇ ಅವನ ಆಸೆ. ಸುಸ್ತಾದ ಮನುಷ್ಯನಿಗೆ ದೊಡ್ಡ ಆಸೆಗಳು ಇರುವುದಿಲ್ಲ.

ಐವತ್ತಾರನೇ ಇಸವಿಯ ಜೂನ್‌ನಲ್ಲಿ ಇಲಾಖೆಯಿಂದ ಒಂದು ಕಾಗದ ಬಂತು. ಮಳೆಗಾಲದಲ್ಲೂ ವಿಮಾನ ಇಳಿಸುವಂತಿದ್ದರೆ ದೊಡ್ಡಕಾವಲಿನ ಪಟ್ಟಿಯನ್ನು ಇಟ್ಟುಕೊಳ್ಳುವುದು, ಅಲ್ಲಿನ ಕೆಲಸವನ್ನೂ ಕಾಯಂ ಮಾಡುವುದು. ಇಲ್ಲದಿದ್ದರೆ ಪಟ್ಟಿ ಮುಚ್ಚುವುದು. ಪರೀಕ್ಷೆಗೆ ಇನ್‌ಸ್ಪೆಕ್ಟರ್ ಸೋಮಯ್ಯನವರು ಮಳೆಗಾಲದಲ್ಲೇ ವಿಮಾನದಲ್ಲಿ ಬಂದಿಳಿಯುತ್ತಾರೆ. ಕಾಗದ ಓದಿದ ಗುರುಮಲ್ಲಪ್ಪ ಅದನ್ನು ಹೆಂಡತಿ ಸರ್ವಮಂಗಳೆಗೂ ಓದಿ ಹೇಳಿದ.

"ನಮ್ ಬಯಲು ಗಟ್ಟಿ ಅಲ್ವಾ? ಕೆಂಪು ಮಣ್ಣು, ಬಿದ್ದ ನೀರು ಬಿದ್ದಂಗೇ ಇಂಗೋಯ್ತದೆ" ಎಂದಳು ಅವಳು.

"ಗಟ್ಟಿ ಕಣೇ. ಆದ್ರೆ ರೂಲು ಅಂತ ಒಂದದೆ. ಅರ್ಧ ಇಂಚು, ಅಂದ್ರೆ ಐವತ್ತು ಸೆಂಟಿನ ಮೇಲೆ ಮಳೆ ಬಿದ್ದ ದಿನ ಇಳಿಸೋ ಅಂಗಿಲ್ಲ."

"ದಿನಾ ಅಷ್ಟೆಲ್ಲಿ ಬಿದ್ದಾತು ಬುಡಿ" ಎಂದು ಸರ್ವಮಂಗಳೆ ಒಲೆಯ ಕಡೆ ತಿರುಗಿದಳು. ಅವಳ ಮಾತು ತಪ್ಪಲ್ಲ. ಆ ಸೀಮೆಯಲ್ಲಿ ಜುಲೈ ತಿಂಗಳ ಮಳೆ ಎಂದರೆ ಜಿನುಗು. ಕೊಡಗಿನ ಕಡೆಯಿಂದ ಬರುವಷ್ಟರಲ್ಲಿ ಮೋಡಕ್ಕೇ ಸಾಕಾಗಿಹೋಗಿರುತ್ತದೆ.

ವಿಮಾನ ಬರಲು ಮೊದಲು ಗೊತ್ತುಮಾಡಿದ ದಿನ ಜುಲೈ ಎರಡು. ಆವತ್ತು ನಸುಕಿಗೆ ಸಣ್ಣಗೆ ಹನಿದಿತ್ತು. ಗುರುಮಲ್ಲಪ್ಪ ನಡೆದು ನೋಡಿದ, ನೆಲ ಗಟ್ಟಿ. ಬಂದು ಡಬ್ಬ ಬಗ್ಗಿಸಿ ಅಳೆದರೆ ಐವತ್ತೈದು ಸೆಂಟು. ಅವನು ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎರಡು ಸಲ ನೋಡಿದ. ಐವತ್ತೈದೇ. ಸೈಕಲ್ ತುಳಿದು ಹೋಗಿ ತಂತಿ ಕೊಟ್ಟ: ಒದ್ದೆ, ಇಳಿಯುವಂತಿಲ್ಲ. ಎರಡನೇ ಸಲ ಗೊತ್ತುಮಾಡಿದ್ದು ಜುಲೈ ಹತ್ತೊಂಬತ್ತು. ಅರವತ್ತೊಂದು ಸೆಂಟು. ಮತ್ತೆ ಅದೇ ತಂತಿ.

ಮೂರನೇ ಸಲಕ್ಕೆ ಇಲಾಖೆಯವರಿಗೂ ಬೇಸರ ಬಂದಿರಬೇಕು. ಆಗಸ್ಟ್ ಆರರಂದು ಮೈಸೂರಿನವರೆಗೆ ವಿಮಾನ ಬಂದೇ ಬರುತ್ತದೆ, ನಿಮ್ಮ ಬಯಲಿನ ಮೇಲೆ ಒಂದು ಸುತ್ತು ಹಾಕುತ್ತದೆ, ಇಳಿಯಬಹುದೋ ಬಾರದೋ ನೆಲದ ಮೇಲೆ ಗುರುತು ಹಾಕಿ ತಿಳಿಸು ಎಂದು ಬರೆದರು. ಇಳಿಯಬಾರದು ಎನ್ನುವುದಕ್ಕೆ ಗುರುತು, ಅಡ್ಡಡ್ಡ ಹಾಸಿದ ಎರಡು ಉದ್ದನೆಯ ಬಿಳಿ ಬಟ್ಟೆ.

ಆಗಸ್ಟ್ ಆರು, ಸೋಮವಾರ, ಭೀಮನ ಅಮಾವಾಸ್ಯೆ. ರಾತ್ರಿ ನಾಲ್ಕು ಹನಿ ಉದುರಿತ್ತು. ಗುರುಮಲ್ಲಪ್ಪ ರನ್‌ವೇ ಮೇಲೆ ನಡೆಯುತ್ತಿದ್ದರೆ ಕಾಲಿಗೆ ಮಣ್ಣು ಕೂಡ ಅಂಟಲಿಲ್ಲ. ದನ ಹೊಡೆದುಕೊಂಡು ಹೋಗುತ್ತಿದ್ದ ಮುದುಕ ಕುಳ್ಳಯ್ಯ ಬೇಲಿಯಾಚೆ ನಿಂತು, "ಇವತ್ತಾದ್ರೂ ಇಮಾನ ಬತ್ತದಾ ಬುದ್ಧಿ?" ಎಂದು ಕೇಳಿದ. ಬತ್ತದೆ ಕಣೋ ಎಂದು ಗುರುಮಲ್ಲಪ್ಪ ಆವತ್ತು ನಕ್ಕೂ ಬಿಟ್ಟ. ಎಂಟೂವರೆಗೆ ಅಳೆದ. ಐವತ್ತೆರಡು ಸೆಂಟು.

ಅವನು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ನೆಲ ಗಟ್ಟಿ ಎಂದು ಕಾಲು ಹೇಳುತ್ತದೆ, ಅರ್ಧ ಇಂಚಿನ ಮೇಲೆ ಎಂದು ಗಾಜು ಹೇಳುತ್ತದೆ. ಇನ್ನೊಬ್ಬನಾಗಿದ್ದರೆ ಎರಡು ಸೆಂಟು ನೆಲಕ್ಕೆ ಚೆಲ್ಲಿ ಐವತ್ತು ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದ. ಬರೀ ಎರಡು ಸೆಂಟು! ಒಂದು ಉದ್ಧರಣೆ ನೀರೂ ಅಲ್ಲ. ಅವನಿಗೂ ಹಾಗೆ ಅನ್ನಿಸದೆ ಇರಲಿಲ್ಲ. ಕೈಯಲ್ಲಿ ಗಾಜು ಹಿಡಿದು ಬಹಳ ಹೊತ್ತು ಕೂತಿದ್ದ. ಆಮೇಲೆ ಎದ್ದು ಪುಸ್ತಕದಲ್ಲಿ ಐವತ್ತೆರಡು ಎಂದೇ ಬರೆದು, ಪೆಟ್ಟಿಗೆಯಿಂದ ಬಿಳಿ ಬಟ್ಟೆ ತೆಗೆದುಕೊಂಡು ಹೋದ.

ಹತ್ತು ಗಂಟೆಯ ಹೊತ್ತಿಗೆ ಶಬ್ದ ಕೇಳಿಸಿತು. ಸಣ್ಣ ವಿಮಾನ, ಬೆಳ್ಳಗಿತ್ತು. ಕಾವಲಿನ ಮೇಲೆ ಒಂದು ಸುತ್ತು ಹಾಕಿತು. ಇಳಿಯಲು ಮನಸ್ಸಿದೆ ಎನ್ನುವಂತೆ ತಗ್ಗಿಗೆ ಬಂದು ಇನ್ನೊಂದು ಸುತ್ತನ್ನೂ ಹಾಕಿತು. ಬಟ್ಟೆಯ ಪಕ್ಕದಲ್ಲಿ ನಿಂತಿದ್ದ ಗುರುಮಲ್ಲಪ್ಪ ಕತ್ತೆತ್ತಿ ನೋಡುತ್ತಲೇ ಇದ್ದ. ಮನೆಯ ಮುಂದೆ ಅವನ ತಾಯಿ ವೀರಮ್ಮ ಸೆರಗು ಎತ್ತಿ ಬೀಸುತ್ತಿದ್ದಳು, ನೆಂಟರನ್ನು ಕರೆಯುವಂತೆ. ವಿಮಾನ ಮೈಸೂರಿನ ಕಡೆ ತಿರುಗಿ ಹೋಯಿತು.

"ಇದುಕ್ಕೆ ಒದ್ದೆ ಅಂತೀರಾ ಬುದ್ಧಿ?" ಎಂದು ಕುಳ್ಳಯ್ಯ ದೊಣ್ಣೆಯಿಂದ ನೆಲ ಕುಟ್ಟಿ ತೋರಿಸಿದ. ಧೂಳು ಎದ್ದಿತು. ಗುರುಮಲ್ಲಪ್ಪ ಬಿಳಿ ಬಟ್ಟೆ ಮಡಚತೊಡಗಿದ.

ಹದಿನೈದು ದಿನಕ್ಕೆ ಕಾಗದ ಬಂತು. ತಾವೇ ಕಳಿಸಿದ ಅಂಕಿಗಳ ಪ್ರಕಾರ ಈ ಪಟ್ಟಿ ಮಳೆಗಾಲದಲ್ಲಿ ನಿರುಪಯುಕ್ತ. ಸೆಪ್ಟೆಂಬರ್ ಕೊನೆಗೆ ಮುಚ್ಚಲಾಗುವುದು. ತಂತಿ ಕಚೇರಿಯ ಮಹದೇವಪ್ಪ ಅವನಿಗೆ ಅಷ್ಟು ವರ್ಷದಿಂದ ಸ್ನೇಹಿತ. ಕಾಗದವನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡ.

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ ಗುರುಮಲ್ಲಪ್ಪ. ತಾಲ್ಲೂಕು ಕಚೇರಿ ಮಳೆ ಲೆಕ್ಕಾನೂ ನಾನೇ ತಂತಿ ಕಳ್ಸೋದು. ಭೀಮನ ಅಮಾವಾಸ್ಯೆ ದಿನ ಅವರದ್ದು ಐದು ಸೆಂಟು. ನಿಂದು ಐವತ್ತೆರಡು. ಐದು ಮೈಲಿಗೆ ಇಷ್ಟು ವ್ಯತ್ಯಾಸ ಏನಯ್ಯಾ? ಮೋಡಕ್ಕೆ ನಿನ್ನ ಕಂಡ್ರೆ ಅಷ್ಟು ಪ್ರೀತಿನಾ?"

ತಮಾಷೆಯ ಮಾತೇ. ಆದರೆ ಗುರುಮಲ್ಲಪ್ಪ ಕಾಗದ ಕಿತ್ತುಕೊಂಡು ಸೈಕಲ್ ಹತ್ತಿದ. ಕೂತು ಬರೆಯುವ ಮನುಷ್ಯ ಎಂದುಕೊಂಡರೇ ಇವರೆಲ್ಲ? ಒಂಬತ್ತು ವರ್ಷ ಸವೆಸಿದ್ದು ಈ ಮಾತು ಕೇಳುವುದಕ್ಕೇ? ವಾಪಸು ಬಂದವನೇ ಡಬ್ಬವನ್ನು ಎತ್ತಿ, ತಿರುಗಿಸಿ, ಬೆಸುಗೆಯೆಲ್ಲ ಸವರಿ ನೋಡಿದ. ಎಲ್ಲವೂ ನೆಟ್ಟಗಿತ್ತು. ಆವತ್ತು ಸೈಕಲ್ ಎರಡು ಸಲ ಮಗುಚಿಕೊಂಡು ಮಂಡಿ ಊದಿತ್ತು. ಮಾರನೆಯ ಬೆಳಿಗ್ಗೆ ಏಳುವುದಕ್ಕೇ ಆಗಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನು ರನ್‌ವೇ ನಡೆಯಲು ಹೋಗದೆ, ಮಂಡಿಗೆ ಹರಳೆಣ್ಣೆ ತಿಕ್ಕಿಕೊಂಡು ಕಿಟಕಿಯ ಪಕ್ಕ ಕೂತಿದ್ದ. ಹೊರಗೆ ಹನಿ ಜಿನುಗಿ ನಿಂತಿತ್ತು.

ವೀರಮ್ಮ ಪೂಜೆ ಮುಗಿಸಿ ಹೊರಗೆ ಬಂದಳು. ಎಪ್ಪತ್ತೈದರ ಮುದುಕಿ, ಹಣೆ ತುಂಬ ವಿಭೂತಿ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಮಜ್ಜನ ಮಾಡಿಸಿದ ನೀರು ಅವಳ ಗಿಂಡಿಯಲ್ಲಿತ್ತು. ಆ ನೀರನ್ನು ಯಾರೂ ತುಳಿಯಬಾರದು. ಗಿಡದ ಬುಡಕ್ಕೋ ಕಾಲು ಬೀಳದ ಜಾಗಕ್ಕೋ ಬಿಡಬೇಕು. ಮನೆಯ ಹಿಂದಿನ ಬಿಲ್ವದ ಸಸಿಗೆ ಬಿಡುತ್ತಾಳೆ ಎಂದೇ ಗುರುಮಲ್ಲಪ್ಪ ತಿಳಿದಿದ್ದ. ಅವಳು ಮೊಳೆಗೆ ನೇತುಹಾಕಿದ್ದ ಬೀಗದಕೈ ತೆಗೆದುಕೊಂಡಳು. ಬೇಲಿಯ ಬಾಗಿಲು ತೆರೆದಳು. ಸೆರಗು ಹೆಗಲಿನ ಮೇಲೆ ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಗಿಂಡಿಯ ನೀರನ್ನೆಲ್ಲ ನಿಧಾನವಾಗಿ ಮಳೆಯ ಡಬ್ಬದೊಳಗೆ ಬಿಟ್ಟಳು. ಆಮೇಲೆ ಡಬ್ಬಕ್ಕೆ ಕೈ ಮುಗಿದಳು.

ಕಿಟಕಿಯಿಂದ ನೋಡುತ್ತಿದ್ದ ಗುರುಮಲ್ಲಪ್ಪ ದಡಕ್ಕನೆ ಎದ್ದ. ಕುಂಟಿಕೊಂಡೇ ಹೊರಗೆ ಬಂದ.

"ಅವ್ವಾ! ಏನ್ ಮಾಡ್ತಿದ್ದೀಯಾ?"

"ಅಯ್ಯೋ, ಮನೇಲೇ ಇದ್ದೀಯಾ?" ಎಂದಳು ವೀರಮ್ಮ, ಒಂದಿಷ್ಟೂ ಬೆಚ್ಚದೆ. "ಏನ್ ಮಾಡ್ತೀನಿ, ಲಿಂಗದ ನೀರು ಬುಟ್ಟೆ."

"ಅದುಕ್ಕಾ? ಆ ಡಬ್ಬುಕ್ಕಾ?"

"ಊಂ ಕಣ್ಲಾ. ಇದುಕ್ಕಿಂತ ಯಾರೂ ತುಳೀದ ಜಾಗ ಎಲ್ಲದೆ? ಬೇಲಿ ಅದೆ, ಬೀಗ ಅದೆ."

"ಎಷ್ಟ್ ದಿನದಿಂದ?"

ವೀರಮ್ಮ ಜಗಲಿಯ ಮೇಲೆ ಕೂತುಕೊಂಡಳು. ಹೇಳುವುದಕ್ಕೆ ಕಾಯುತ್ತಿದ್ದವಳ ಹಾಗೆ ಅವಳ ಮುಖ ಅರಳಿತು. "ಶಿವರಾತ್ರಿ ಮುಂದೆ ಆ ಇನಿಸ್ಪೆಟ್ರು ಬಂದಿರ್ನಿಲ್ವಾ? ನಿನ್ ಪುಸ್ತಕ ನೋಡಿ ಏನಂದ? ಏನಯ್ಯ, ಬರೀ ಸೊನ್ನೆ ಬರ್ದಿದ್ದೀಯ, ಸೊನ್ನೆ ಬರಿಯೋಕೂ ಸಂಬಳ ಕೊಡ್ಬೇಕಾ ಅಂದ. ನೀನು ತಲೆ ಬಗ್ಗುಸ್ಕಂಡು ನಿಂತಿದ್ದೆ. ನನ್ ಒಟ್ಟೆ ಉರಿದೋಯ್ತು. ಮಳೆ ಬರ್ದೇ ಇದ್ರೆ ನನ್ ಮಗ ಏನ್ ಮಾಡಾನು? ಅವತ್ತೇ ಅಂದ್ಕಂಡೆ, ಇನ್ನು ನನ್ ಮಗ ಸೊನ್ನೆ ಬರೀಬಾರ್ದು ಅಂತ."

"ಬಿಸ್ಲು ದಿನ ಡಬ್ಬ ಬರಿದಾಗೇ ಇರ್ತಿತ್ತಲ್ಲವ್ವ."

"ಒಂದ್ ಅನಿನೂ ಬೀಳ್ದೆ ಇದ್ದಾಗ ಉಯ್ದ್ರೆ ಅದು ಮೋಸ ಆಯ್ತದೆ ಕಣ್ಲಾ. ದೊಡ್ಡ ಮಳೆ ಬಂದ್ರೆ ನನ್ ಕೈ ಬೇಕಾಗಿಲ್ಲ. ದೇವ್ರು ಒಂದೀಟು ಕೊಟ್ಟಿದ್ರೆ ಅದುಕ್ಕೆ ನಾನ್ ಒಂದೀಟು ಕೂಡುಸ್ತೀನಿ, ಅಷ್ಟೆ."

ಗುರುಮಲ್ಲಪ್ಪನಿಗೆ ಬಂದ ಕೋಪ ಅಷ್ಟಿಷ್ಟಲ್ಲ. ಮೂರು ಸಲ ವಿಮಾನ ಇಳಿಯದೆ ಹೋದದ್ದು ಈ ಗಿಂಡಿಯಿಂದಲೇ ಎಂದು ಕಿರುಚಬೇಕು ಎನ್ನಿಸಿತು. ನಿನ್ನ ಲಿಂಗದ ನೀರೇ ನನ್ನ ಅನ್ನ ಕಿತ್ತುಕೊಂಡಿತು ಎನ್ನಬೇಕು ಎನ್ನಿಸಿತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಬಾಗಿಲಲ್ಲಿ ಸರ್ವಮಂಗಳೆ ನಿಂತಿದ್ದಳು. ಅವಳು ಅವನನ್ನೇ ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದಳು.

ಏಕೆಂದು ಅವನಿಗೆ ಗೊತ್ತಿತ್ತು. ಹನ್ನೆರಡು ವರ್ಷದ ಹಿಂದೆ ಸರ್ವಮಂಗಳೆಯ ಮೊದಲ ಕೂಸು ಹುಟ್ಟಿದ ಒಂಬತ್ತನೇ ದಿನಕ್ಕೆ ಹೋಯಿತು. ಜ್ವರದಿಂದ ಹೋದದ್ದು. ಆದರೆ ತಾನು ಕೊಟ್ಟ ಕಷಾಯವೇ ಕೂಸನ್ನು ತಿಂದಿತು ಎಂದು ವೀರಮ್ಮ ಒಪ್ಪತ್ತಿನ ಗಂಜಿಯಲ್ಲಿ ಆರು ತಿಂಗಳು ಬದುಕಿದ್ದಳು. ಆರು ತಿಂಗಳೂ ತನ್ನ ಕೈ ಕೊಳೆ ಎಂದು ಲಿಂಗ ಮುಟ್ಟಲಿಲ್ಲ. ಹೊಸಿಲ ಬಳಿ ಕೂತು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. ಅವಳನ್ನು ಮತ್ತೆ ಬದುಕಿಗೆ ತರುವಷ್ಟರಲ್ಲಿ ಇವರಿಬ್ಬರೂ ಹಣ್ಣಾಗಿದ್ದರು. ಆಗ ಅರವತ್ತಮೂರು, ಈಗ ಎಪ್ಪತ್ತೈದು. ಇನ್ನೊಂದು ಸಲ ಅವಳ ತಲೆಯ ಮೇಲೆ ಅಂಥದ್ದನ್ನು ಹೊರಿಸಿದರೆ ಅವಳು ಏಳುವುದಿಲ್ಲ.

ಗುರುಮಲ್ಲಪ್ಪ ಕೈ ಚಾಚಿದ. "ಗಿಂಡಿ ಕೊಡವ್ವ ಇಲ್ಲಿ" ಎಂದ.

ಗಿಂಡಿಯ ತುಂಬ ನೀರು ತುಂಬಿ ಅಳತೆಗಾಜಿಗೆ ಹುಯ್ದ. ನಲವತ್ತಾರು ಸೆಂಟು. ಮೂರು ಸಲ ಹುಯ್ದ, ಮೂರು ಸಲವೂ ಕೂದಲೆಳೆ ಆಚೀಚೆ ನಲವತ್ತಾರು. ಹಾಗಾದರೆ ಭೀಮನ ಅಮಾವಾಸ್ಯೆಯ ನಿಜವಾದ ಮಳೆ ಆರು ಸೆಂಟು. ಜುಲೈ ಹತ್ತೊಂಬತ್ತರದು ಹದಿನೈದು. ಜುಲೈ ಎರಡರದು ಒಂಬತ್ತು. ಮೂರು ದಿನವೂ ವಿಮಾನ ಧಾರಾಳವಾಗಿ ಇಳಿಯಬಹುದಾಗಿತ್ತು.

"ಯಾವ್ಯಾವ ದಿನ ಉಯ್ದೆ, ಗೆಪ್ತಿ ಅದಾ ಅವ್ವ?"

ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದಳು ವೀರಮ್ಮ. ಹೊಲ ಮಾಡಿದ ಹೆಂಗಸಿಗೆ ಮಳೆ ಮರೆಯುತ್ತದೆಯೇ? ಗುರುಮಲ್ಲಪ್ಪ ಪುಸ್ತಕ ತೆರೆದು ಕೂತ. ಅವಳು ಹೇಳುತ್ತಾ ಹೋದಳು. "ಮಿರುಗ ಊಡಿ ನಾಕನೇ ದಿನ ಉಯ್ದೆ. ಅದುರ ಮಾರನೇ ದಿನ ಗುಡುಗು ಬಂದು ಜೋರಾಗ್ ಉಯ್ತು, ಅವತ್ತು ಬುಟ್ಟೆ. ಆರಿದ್ರೇಲಿ ಐದು ದಿನ, ಕಡೇದು ಕರಿ ಅಸ ಈದ ದಿನ. ಪುಸ್ಯದ ಮಳೇಲಿ ಎಲ್ಡು ದಿನ ನಂಗೆ ಜ್ವರ, ಪೂಜೆನೇ ಸಂಕ್ಷೇಪ, ಉಯ್ನಿಲ್ಲ." ಅವಳು ಮಳೆ ನಕ್ಷತ್ರ ಹೇಳಿದರೆ ಇವನು ಪಂಚಾಂಗ ನೋಡಿ ತಾರೀಖು ಹುಡುಕುತ್ತಿದ್ದ. ಆ ತಾರೀಖಿನ ಅಂಕಿಯಿಂದ ನಲವತ್ತಾರು ಕಳೆದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೇಳು ದಿನ ಸಿಕ್ಕವು. ಮಾರನೆಯ ದಿನ ಮಹದೇವಪ್ಪನ ಹತ್ತಿರ ತಾಲ್ಲೂಕು ಕಚೇರಿಯ ಲೆಕ್ಕದ ಜೊತೆ ಹೋಲಿಸಿದರೆ, ಒಂದೆರಡು ಸೆಂಟು ಬಿಟ್ಟು ಇಪ್ಪತ್ತೇಳಕ್ಕೆ ಇಪ್ಪತ್ತೇಳೂ ಕೂಡಿಬಂದವು. ಮುದುಕಿಯ ತಲೆ ಸರ್ಕಾರದ ಪುಸ್ತಕಕ್ಕಿಂತ ಗಟ್ಟಿಯಾಗಿತ್ತು.

ಅವನು ಇಲಾಖೆಗೆ ಬರೆದ. ಡಬ್ಬಕ್ಕೆ ಹೊರಗಿನ ನೀರು ಸೇರಿದೆ. ಬೀಗದಕೈ ಸೊಂಟದಲ್ಲಿ ಇರಬೇಕಾಗಿತ್ತು, ಮೊಳೆಗೆ ನೇತುಹಾಕಿದ್ದು ನನ್ನ ತಪ್ಪು. ತಿದ್ದಿದ ಅಂಕಿಗಳನ್ನು ಲಗತ್ತಿಸಿದ್ದೇನೆ. ಹುಯ್ದವರು ಯಾರು ಎಂದು ಮಾತ್ರ ಬರೆಯಲಿಲ್ಲ. ಸರ್ವಮಂಗಳೆ, "ಸುಮ್ನಿದ್ದುಬುಡಬಾರ್ದಾ? ಮುಚ್ಚಿದ್ರೆ ಮುಚ್ಕೊಳ್ಳಲಿ" ಎಂದಳು. ಅವನೂ ಅದನ್ನು ಯೋಚಿಸದೆ ಇರಲಿಲ್ಲ. ಆದರೆ ಸುಳ್ಳು ಅಂಕಿಯ ಮೇಲೆ ಬಯಲು ಮುಚ್ಚಿಹೋಗುವುದನ್ನು ನೋಡಿಕೊಂಡು ಕೂರುವುದು ಅವನಿಂದ ಸಾಧ್ಯವಿರಲಿಲ್ಲ. ಅದು ಅವನ ರೋಗ ಎಂದೇ ಇಟ್ಟುಕೊಳ್ಳಿ.

ಸೆಪ್ಟೆಂಬರ್ ಎರಡನೇ ವಾರ ಸೋಮಯ್ಯನವರು ಜೀಪಿನಲ್ಲಿ ಬಂದರು. ಕೆಟ್ಟ ಮನುಷ್ಯರಲ್ಲ, ಸ್ವಲ್ಪ ಬಾಯಿ ಜೋರು, ತಮಾಷೆ ಜಾಸ್ತಿ. ಆವತ್ತು ತಮಾಷೆ ಮಾಡಲಿಲ್ಲ. ರನ್‌ವೇ ಉದ್ದಕ್ಕೂ ಜೀಪು ಓಡಿಸಿ ನೋಡಿದರು. ಹಿಂದಿನ ದಿನ ಮೂವತ್ತು ಸೆಂಟು ಮಳೆಯಾಗಿತ್ತು, ಚಕ್ರದ ಗುರುತು ಒಂದು ಬೆರಳೂ ಇಳಿದಿರಲಿಲ್ಲ. ಅಂಗಳದಲ್ಲಿ ಡಬ್ಬದ ಪಕ್ಕ ನಿಂತು, ಪುಸ್ತಕದ ಕೆಂಪು ಅಂಕಿಗಳನ್ನು ಒಂದೊಂದಾಗಿ ಓದಿದರು. ಇಪ್ಪತ್ತು ಹೆಜ್ಜೆ ಆಚೆ ಜಗಲಿಯ ಮೇಲೆ ವೀರಮ್ಮ ಅಲಸಂದೆಕಾಯಿ ಬಿಡಿಸುತ್ತಾ ಕೂತಿದ್ದಳು.

"ಈ ಅಂಕಿ ನಿಜವಾದರೆ ಮಳೆಗಾಲದಲ್ಲಿ ಒಂಬತ್ತೇ ದಿನ ಪಟ್ಟಿ ಮುಚ್ಚಬೇಕಾಗಿತ್ತು. ಉಳಿಸಿಕೊಳ್ಳೋಕೆ ಧಾರಾಳ ಸಾಕು" ಎಂದರು ಸೋಮಯ್ಯನವರು. "ಆದರೆ ಇದು ನಿಜ ಅಂತ ನಾನು ಹೇಗಯ್ಯ ಬರೀಲಿ? ಯಾವ ದಿನ ಹುಯ್ದರು, ಯಾವ ದಿನ ಬಿಟ್ಟರು ಅಂತ ಹುಯ್ದವರಿಗೆ ಮಾತ್ರ ಗೊತ್ತು. ಆ ಆಸಾಮಿ ಬಂದು ನನ್ನ ಮುಂದೆ ಒಪ್ಪಿಕೊಂಡರೆ ಅಂಕಿ ನಿಲ್ಲುತ್ತೆ, ಪಟ್ಟಿ ಉಳಿಯುತ್ತೆ. ಇಲ್ಲಾಂದ್ರೆ ಇದು ಬರೀ ಕೆಂಪು ಶಾಯಿ. ಯಾರು ಹುಯ್ದದ್ದು?"

ಗುರುಮಲ್ಲಪ್ಪ ತಲೆ ತಗ್ಗಿಸಿ ನಿಂತ. ಜಗಲಿಯ ಕಡೆ ಕೈ ತೋರಿಸಿದರೆ ಸಾಕಾಗಿತ್ತು. ಮುದುಕಿ ಬುದ್ಧಿಯಿಲ್ಲದೆ ಮಾಡಿದ್ದು ಎಂದು ಸಾಹೇಬರು ಅವಳನ್ನು ಕರೆಸುತ್ತಿದ್ದರು, ಕೇಳುತ್ತಿದ್ದರು, ಏನಮ್ಮಾ ನಿನ್ನಿಂದ ಮೂರು ಸಲ ವಿಮಾನ ಇಳಿಯಲಿಲ್ಲವಲ್ಲ, ನಿನ್ನ ಮಗನ ಕೆಲಸ ಹೋಗುತ್ತಿತ್ತಲ್ಲ ಎನ್ನುತ್ತಿದ್ದರು. ಅವರ ಬಾಯಿ ಅವನಿಗೆ ಗೊತ್ತಿತ್ತು. ಆಮೇಲೆ ಕ್ಷಮಿಸುತ್ತಿದ್ದರೋ ಏನೋ. ಕೆಲಸವೂ ಉಳಿಯುತ್ತಿತ್ತು. ಅವ್ವ ಉಳಿಯುತ್ತಿರಲಿಲ್ಲ.

"ನಾನೇ ಹುಯ್ದೆ ಸಾರ್" ಎಂದ. ಮಾತು ಬೇಕಾದ್ದಕ್ಕಿಂತ ಜೋರಾಗಿ ಬಂತು.

"ನೀನಾ? ಯಾಕಯ್ಯ?"

"ಸೊನ್ನೆ ಬರೆಯೋಕೆ ಸಂಬಳ ಯಾಕೆ ಅಂದಿದ್ರಿ ಸಾರ್. ಹೆದರಿಕೆ ಆಯ್ತು."

ಸೋಮಯ್ಯನವರ ಮುಖ ಒಂದು ಕ್ಷಣ ಪೆಚ್ಚಾಯಿತು. "ಅದು ತಮಾಷೆಗೆ ಅಂದದ್ದಲ್ವೇನಯ್ಯ..." ಎಂದು ಪುಸ್ತಕ ಮಡಚಿದರು. ಆಮೇಲೆ ದನಿ ತಗ್ಗಿಸಿ, "ನೋಡು, ಬೇರೆ ಯಾರಾದರೂ ಮಾಡಿದ್ದರೆ ಈಗಲೇ ಹೇಳು. ಬೀಗದ ತಪ್ಪಿಗೆ ಎರಡು ಮಾತು ಬೈದು ನಿನ್ನ ಉಳಿಸಿಕೊಳ್ತೀನಿ. ಅಳೆಯೋನೇ ಹುಯ್ದ ಅಂದರೆ ನನ್ನ ಕೈಲಿ ಏನೂ ಆಗಲ್ಲ" ಎಂದರು.

"ಬೇರೆ ಯಾರೂ ಇಲ್ಲ ಸಾರ್."

ಅವರು ಪುಸ್ತಕದ ಕೊನೆಯಲ್ಲಿ ಬರೆದು ಸಹಿ ಹಾಕಿಸಿಕೊಂಡರು. ಪಟ್ಟಿ ಇರುತ್ತದೆ. ಕೆಲಸ ಕಾಯಂ ಆಗುತ್ತದೆ. ಒಂದನೇ ತಾರೀಖಿಗೆ ಬೇರೆಯವನು ಬರುತ್ತಾನೆ, ಮನೆಯನ್ನು ಅವನಿಗೆ ಬಿಟ್ಟುಕೊಡಬೇಕು. ಇಷ್ಟನ್ನೂ ಮೆಲ್ಲಗೆ, ಅವನ ಮುಖ ನೋಡದೆ ಹೇಳಿದರು. ಜೀಪು ಹೋಯಿತು. ಬಾಗಿಲ ಹಿಂದೆ ನಿಂತಿದ್ದ ಸರ್ವಮಂಗಳೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಗುರುಮಲ್ಲಪ್ಪ ಬಂದು ಜಗಲಿಯ ಮೇಲೆ ತಾಯಿಯ ಪಕ್ಕದಲ್ಲಿ ಕುಸಿದ. ಹೇಗೆ ಹೇಳುವುದು, ಏನೆಂದು ಹೇಳುವುದು, ಎಲ್ಲಿಗೆ ಹೋಗುವುದು, ಯಾವುದೂ ತಲೆಗೆ ಹೊಳೆಯಲಿಲ್ಲ. ವೀರಮ್ಮ ಅಲಸಂದೆಕಾಯನ್ನು ಪಟಪಟ ಬಿಡಿಸುತ್ತಿದ್ದಳು. ಮುಖ ಊದಿಸಿಕೊಂಡಿದ್ದಳು.

"ಯಾಕವ್ವ?" ಎಂದು ಕೇಳಿದ.

"ಯಾಕಂತೆ ಯಾಕೆ? ನಂಗೇನ್ ಕಿವಿ ಇಲ್ವಾ?" ಮುದುಕಿಯ ಕಣ್ಣಲ್ಲಿ ನೀರು ತುಂಬಿತ್ತು. "ಚಳಿ ಅನ್ನಿಲ್ಲ, ಗಾಳಿ ಅನ್ನಿಲ್ಲ, ಇಪ್ಪತ್ತೇಳು ದಿನ ಉಯ್ದೋಳು ನಾನು. ಸಾಯೇಬ್ರು ಬಂದು ಯಾರು ಉಯ್ದೋರು ಅಂತ ಕೇಳುದ್ರೆ, ನಾನೇ ಉಯ್ದೆ ಅಂದ್ಬುಟ್ಯಲ್ಲಾ! ನಮ್ಮವ್ವ ಕಣ್ ಸಾಮಿ ಅಂತ ಒಂದ್ ಮಾತು ಅಂದಿದ್ರೆ ನಿನ್ ಗಂಟೇನ್ ಓಗ್ತಿತ್ಲಾ?"

ಗುರುಮಲ್ಲಪ್ಪ ಅವಳ ಮಡಿಲಿನ ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ತಾನೂ ಬಿಡಿಸತೊಡಗಿದ.

"ತಪ್ಪಾಯ್ತು ಕಣವ್ವ" ಎಂದ.